ರಾಬಿನ್ ಹುಡ್ ತಂಡದ ಹಾಡುಗಾರ ಅಲನ್ ಅ ಡೇಲ್: ಹೆಸರು ಎಲ್ಲಿಂದ ಬಂತು, ಹಾರ್ಪ್ ಯಾರದಾಗಿತ್ತು?

ಪ್ರಶ್ನೆ: ನನ್ನ ಮಗಳು ಏಳನೇ ತರಗತಿಯಲ್ಲಿದ್ದಾಳೆ. ಶಾಲೆಯ ಕ್ವಿಜ್‌ನಲ್ಲಿ ‘ರಾಬಿನ್ ಹುಡ್ ತಂಡದ ಹಾಡುಗಾರ ಯಾರು?’ ಎಂದು ಕೇಳಿದ್ದಕ್ಕೆ ‘ವಿಲ್ ಸ್ಕಾರ್ಲೆಟ್’ ಎಂದು ಬರೆದಳು. ತಪ್ಪು, ‘ಅಲನ್ ಎ ಡೇಲ್’ ಸರಿ ಎಂದರಂತೆ. ಹಳೆಯ ಸಿನಿಮಾದಲ್ಲಿ ತಂತಿವಾದ್ಯ ನುಡಿಸುವವನು ವಿಲ್ ಸ್ಕಾರ್ಲೆಟ್ಟೇ ಎಂದು ಅವಳ ವಾದ. ಹೆಸರೂ ಒಂದೊಂದು ಪುಸ್ತಕದಲ್ಲಿ ಒಂದೊಂದು ಥರ ಇದೆ: ಅಲನ್, ಅಲೆನ್, ಅಲಿನ್. ನಡುವೆ ಇರುವ ‘ಎ’ ಏನು? ಇಂಥವನೊಬ್ಬ ನಿಜವಾಗಿ ಇದ್ದನೆ?

ಉತ್ತರ: ಕ್ವಿಜ್‌ನವರು ಹೇಳಿದ್ದು ಸರಿ. ಇಂಗ್ಲೆಂಡಿನ ಕಾಡಿನ ದರೋಡೆಕೋರ ವೀರ ರಾಬಿನ್ ಹುಡ್‌ನ ಕಥೆ ಬಲ್ಲ ಯಾರನ್ನು ಇವತ್ತು ಕೇಳಿದರೂ ತಂಡದ ಹಾಡುಗಾರ ಅಲನ್ ಅ ಡೇಲ್ ಎಂದೇ ಹೇಳುತ್ತಾರೆ. ಆದರೆ ನಿಮ್ಮ ಮಗಳ ಉತ್ತರವನ್ನು ಹಾಗೇ ತಳ್ಳಿಹಾಕುವಂತಿಲ್ಲ. ಅಲನ್‌ನ ಹೆಸರಿನಲ್ಲಿ ನಾವೆಲ್ಲ ಓದಿರುವ ಕಥೆ ಮೊದಲು ಸಿಗುವುದು ವಿಲ್ ಸ್ಕಾರ್ಲೆಟ್‌ನ ಹೆಸರಿನಲ್ಲಿ. ಇನ್ನೊಂದು ಸಂಗತಿ ಇದಕ್ಕಿಂತ ಅಚ್ಚರಿಯದು: ಅಲನ್ ಮೊದಲ ಬಾರಿ ಕಾಣಿಸಿಕೊಳ್ಳುವ ಲಾವಣಿಯಲ್ಲಿ ‘ನಾನು ಹಾರ್ಪ್ ನುಡಿಸುವವನು’ ಎಂದು ಹೇಳಿಕೊಂಡು ಬರುವವನು ಅಲನ್ ಅಲ್ಲ, ಸ್ವತಃ ರಾಬಿನ್ ಹುಡ್. ಆ ತಂತಿವಾದ್ಯ ಗೆಳೆಯನ ಕೈಗೆ ದಾಟಿದ್ದು ಬಹಳ ತಡವಾಗಿ.

ಮೊದಲು ಹೆಸರನ್ನು ನೋಡೋಣ. ‘ಡೇಲ್’ ಎಂದರೆ ಕಣಿವೆ. ಇಂಗ್ಲೆಂಡಿನ ಉತ್ತರ ಭಾಗದಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ಮಾತು ಇದು. ಯಾರ್ಕ್‌ಷೈರ್ ಕಡೆ ಕಣಿವೆಗಳ ಹೆಸರಿನ ತುದಿಯಲ್ಲಿ ಸಾಲು ಸಾಲಾಗಿ ಸಿಗುತ್ತದೆ: ವೆನ್ಸ್‌ಲಿಡೇಲ್, ಸ್ವೇಲ್‌ಡೇಲ್, ಏರ್‌ಡೇಲ್. ರಾಬಿನ್ ಹುಡ್‌ನ ಅತಿ ಹಳೆಯ ಪದ್ಯಗಳಲ್ಲಿ ಅವನ ಠಿಕಾಣಿಯಾಗಿ ಬರುವ ಬಾರ್ನ್ಸ್‌ಡೇಲ್ ಕೂಡ ಯಾರ್ಕ್‌ಷೈರಿನದು. ನಡುವಿನ ‘ಅ’ ಬೇರೇನೂ ಅಲ್ಲ, ‘ಆಫ್’ ಎಂಬ ಪದ ಮಾತಿನ ಓಟದಲ್ಲಿ ಸವೆದು ಉಳಿದ ಸ್ವರ. ರಾಬಿನ್ ಹುಡ್ ಕಥೆಗಳಿಗೇ ಸೇರಿದ ಇನ್ನೊಬ್ಬ ಗಟ್ಟಿಗ ಜಾರ್ಜ್ ಅ ಗ್ರೀನ್. ವೇಕ್‌ಫೀಲ್ಡ್ ಊರಿನ ದನದ ದೊಡ್ಡಿ ಕಾಯುವವನು. ಅವನ ಹೆಸರಿನಲ್ಲೂ ಇದೇ ‘ಅ’ ಇದೆ. ನಾವು ಊರನ್ನು ಮುಂದಿಟ್ಟು ಸಂಗೊಳ್ಳಿ ರಾಯಣ್ಣ ಎನ್ನುತ್ತೇವೆ, ಅವರು ಹೆಸರನ್ನು ಮುಂದಿಟ್ಟು ಅಲನ್ ಅ ಡೇಲ್ ಎಂದರು. ಕಣಿವೆಯ ಅಲನ್ ಎಂದಷ್ಟೇ ಅರ್ಥ. ಯಾವ ಕಣಿವೆ ಎಂದು ಲಾವಣಿ ಹೇಳುವುದಿಲ್ಲ.

ಕನ್ನಡದಲ್ಲಿ ‘ಎ ಡೇಲ್’ ಎಂದು ಬರೆದರೆ ಅದು ಇನಿಷಿಯಲ್ ಇದ್ದ ಹಾಗೆ ಕೇಳಿಸುತ್ತದೆ, ‘ಎ. ಡೇಲ್’ ಎಂಬವರು ಯಾರೋ ಇದ್ದಂತೆ. ಉಚ್ಚಾರಣೆಗೆ ಹತ್ತಿರವಾದದ್ದು ‘ಅ’. ಹಾಗಾಗಿ ನಾನು ಅಲನ್ ಅ ಡೇಲ್ ಎಂದೇ ಬರೆಯುತ್ತೇನೆ.

ಅಲನ್, ಅಲೆನ್, ಅಲಿನ್, ಇವುಗಳಲ್ಲಿ ಒಂದು ಸರಿ, ಉಳಿದವು ತಪ್ಪು ಎಂದೇನಿಲ್ಲ. ಆ ಲಾವಣಿ ಅಚ್ಚಾದ ಕಾಲದಲ್ಲಿ ಇಂಗ್ಲಿಷಿನ ಕಾಗುಣಿತವೇ ಇನ್ನೂ ನೆಲೆಗೊಂಡಿರಲಿಲ್ಲ. ಹಳೆಯ ಹಾಳೆಯೊಂದರ ತಲೆಬರಹದಲ್ಲಿ ‘ಅಲಿನ್ ಆಫ್ ಡೇಲ್’ ಎಂದಿದೆ. ಅದೇ ಹಾಳೆಯ ಪದ್ಯದೊಳಗೆ ಅವನು ತನ್ನ ಬಾಯಿಂದ ಹೇಳುವ ಹೆಸರು ‘ಅಲಿನ್ ಅ ಡೇಲ್’. ‘ಆಫ್’ ಸವೆದು ‘ಅ’ ಆಗಿದ್ದು ಒಂದೇ ಹಾಳೆಯಲ್ಲಿ ಕಣ್ಣಿಗೆ ಕಾಣುತ್ತದೆ. ಮುಂದೆ ಸಂಪಾದಕರು, ಕಾದಂಬರಿಕಾರರು ತಮಗೆ ಒಗ್ಗಿದ ಹಾಗೆ ಬರೆದುಕೊಂಡರು. ಸಿನಿಮಾದವರು ಇನ್ನೂ ಬೇರೆ ಮಾಡಿದರು.

ಇನ್ನು ‘ಅಲನ್’. ಇದು ಮೂಲದಲ್ಲಿ ಬ್ರಿಟನಿಯ ಹೆಸರು, ಈಗಿನ ಫ್ರಾನ್ಸಿನ ವಾಯವ್ಯ ಮೂಲೆಯದು. 1066ರಲ್ಲಿ ಫ್ರಾನ್ಸಿನ ನಾರ್ಮಂಡಿಯ ವಿಲಿಯಂ ದೊರೆ ಇಂಗ್ಲೆಂಡನ್ನು ಗೆದ್ದಾಗ ಅವನ ಕಡೆ ಬ್ರಿಟನಿಯ ಸರದಾರರೂ ಇದ್ದರು. ಅವರಲ್ಲಿ ಹೆಸರಾದವನು ಕೆಂಪು ಅಲನ್ ಎಂದು ಕರೆಸಿಕೊಂಡ ಅಲನ್ ರೂಫಸ್. ಯಾರ್ಕ್‌ಷೈರಿನ ರಿಚ್ಮಂಡ್‌ನಲ್ಲಿ ಕೋಟೆ ಕಟ್ಟಿಸಿದವನು ಅವನೇ. ಸ್ವೇಲ್ ನದಿಯ ಮೇಲೆ ಆ ಕೋಟೆ ಇವತ್ತಿಗೂ ನಿಂತಿದೆ. ಇಂಥವರ ಜೊತೆ ಬಂದ ಹೆಸರು ಒಂದೆರಡು ತಲೆಮಾರಿನಲ್ಲಿ ಊರ ಜನರ ಹೆಸರೂ ಆಯಿತು. ರಾಬಿನ್, ವಿಲ್ ಎಂಬ ಹೆಸರುಗಳ ಮೂಲರೂಪಗಳಾದ ರಾಬರ್ಟ್, ವಿಲಿಯಂ ಕೂಡ ಹೀಗೆಯೇ ನಾರ್ಮನ್ನರ ಜೊತೆ ಬಂದು ಊರೂರಲ್ಲಿ ಬೇರುಬಿಟ್ಟವು. ರಾಬಿನ್ ಹುಡ್ ಎಂದರೆ ನಾರ್ಮನ್ನರ ವಿರುದ್ಧ ನಿಂತ, ಅಲ್ಲಿನ ಹಳೆಯ ನಿವಾಸಿಗಳಾದ ಸ್ಯಾಕ್ಸನ್ನರ ವೀರ ಎಂಬ ಮಾತನ್ನು ನಾವು ಮತ್ತೆ ಮತ್ತೆ ಕೇಳುತ್ತೇವಲ್ಲ, ಆ ಮಾತು ಗಟ್ಟಿಯಾದದ್ದು 19ನೇ ಶತಮಾನದಲ್ಲಿ. ತಂಡದವರ ಹೆಸರುಗಳೇ ಅದಕ್ಕೆ ಒಪ್ಪುವುದಿಲ್ಲ.

ಈಗ ಕಥೆ. ರಾಬಿನ್ ಹುಡ್‌ನ ಪದ್ಯಗಳು ಜನರ ಬಾಯಲ್ಲಿವೆ ಎಂಬ ಮೊದಲ ಸುಳಿವು ಸಿಗುವುದು 1377ರ ಸುಮಾರಿನಲ್ಲಿ, ವಿಲಿಯಂ ಲ್ಯಾಂಗ್‌ಲೆಂಡ್‌ನ ದೀರ್ಘ ಕಾವ್ಯದಲ್ಲಿ. ಅಲ್ಲಿ ಒಬ್ಬ ಸೋಮಾರಿ ಪಾದ್ರಿ, ತನಗೆ ಪ್ರಾರ್ಥನೆ ಸರಿಯಾಗಿ ಬಾರದು, ರಾಬಿನ್ ಹುಡ್‌ನ ಪದ್ಯಗಳು ಬರುತ್ತವೆ ಎನ್ನುತ್ತಾನೆ. ಉಳಿದುಬಂದಿರುವ ಹಳೆಯ ಪದ್ಯಗಳಲ್ಲಿ ಒಂದರ ಹಸ್ತಪ್ರತಿ 1450ರ ಸುಮಾರಿನದು. 456 ಚರಣಗಳ ದೊಡ್ಡ ಕಥನಪದ್ಯ ಅಚ್ಚಿಗೆ ಬಂದದ್ದು 1500ರ ಆಸುಪಾಸು. ಆ ದೊಡ್ಡ ಪದ್ಯದಲ್ಲಿ ಲಿಟಲ್ ಜಾನ್ ಇದ್ದಾನೆ, ಗಿರಣಿಯವನ ಮಗ ಮಚ್ ಇದ್ದಾನೆ, ವಿಲ್ ಸ್ಕಾರ್ಲಾಕ್ ಇದ್ದಾನೆ. ಈ ಸ್ಕಾರ್ಲಾಕ್‌ನೇ ಮುಂದೆ ಸ್ಕಾರ್ಲೆಟ್ ಆದವನು. ಅಲನ್ ಇಲ್ಲ. ರಾಬಿನ್‌ನ ಪ್ರೇಯಸಿ ಮರಿಯನ್ ಕೂಡ ಇಲ್ಲ, ತಂಡದ ಪಾದ್ರಿ ಟಕ್ ಕೂಡ ಇಲ್ಲ.

1600ರ ಸುಮಾರಿನಲ್ಲಿ ಯಾರೋ ಒಬ್ಬರು ರಾಬಿನ್ ಹುಡ್‌ನ ಬದುಕಿನ ಕಥೆಯನ್ನು ಗದ್ಯದಲ್ಲಿ ಬರೆದಿಟ್ಟರು. ಲಂಡನ್ನಿನ ಬ್ರಿಟಿಷ್ ಲೈಬ್ರರಿಯ ಸ್ಲೋನ್ ಸಂಗ್ರಹದಲ್ಲಿರುವ ಹಸ್ತಪ್ರತಿ ಅದು. ನಿಮ್ಮ ಮಗಳಿಗೆ ಬೇಕಾದ ಸಾಲುಗಳು ಅದರಲ್ಲಿವೆ. ರಾಬಿನ್ ಒಂದು ದಿನ ದಾರಿಯಲ್ಲಿ ಸ್ಕಾರ್ಲಾಕ್‌ನನ್ನು ಕಾಣುತ್ತಾನೆ. ಒಂಟಿಯಾಗಿ, ಎಲ್ಲ ಕಳೆದುಕೊಂಡವನ ಹಾಗೆ ನಡೆಯುತ್ತಿದ್ದಾನೆ. ಮದುವೆ ನಿಶ್ಚಯವಾಗಿದ್ದ ಹುಡುಗಿಯನ್ನು ಅವಳ ಕಡೆಯವರು ಬಲವಂತವಾಗಿ ಒಬ್ಬ ಮುದುಕ ಸಾಹುಕಾರನಿಗೆ ಕೊಡಲು ಹೊರಟಿದ್ದಾರೆ. ಮದುವೆಯ ದಿನ ರಾಬಿನ್ ಭಿಕ್ಷುಕನ ವೇಷದಲ್ಲಿ ಚರ್ಚಿಗೆ ಹೋಗುತ್ತಾನೆ, ಕೊಂಬು ಊದುತ್ತಾನೆ, ಹತ್ತಿರದಲ್ಲೇ ಕಾದಿದ್ದ ತಂಡ ನುಗ್ಗುತ್ತದೆ, ಪಾದ್ರಿಯ ಕೈಯಿಂದಲೇ ಸ್ಕಾರ್ಲಾಕ್‌ಗೆ ಮದುವೆ ಮಾಡಿಸುತ್ತಾನೆ. ಕಥೆ ಪೂರ್ತಿ ಇದೆ. ಅಲನ್ ಎಂಬ ಹೆಸರಿಲ್ಲ, ಹಾರ್ಪ್ ಇಲ್ಲ.

ಅಲನ್ ಹುಟ್ಟುವುದು 17ನೇ ಶತಮಾನದ ಬೀದಿ ಲಾವಣಿಯಲ್ಲಿ. ಆಗ ಲಂಡನ್ನಿನಲ್ಲಿ ಒಂದೇ ಹಾಳೆಯ ಒಂದು ಮಗ್ಗುಲಿಗೆ ಪದ್ಯವನ್ನು ದಪ್ಪ ಹಳೇ ಅಕ್ಷರಗಳಲ್ಲಿ ಅಚ್ಚು ಹಾಕಿ, ಮೇಲೆ ಮರದಚ್ಚಿನ ಚಿತ್ರ ಒತ್ತಿ, ಇಂಥ ಮಟ್ಟಿನಲ್ಲಿ ಹಾಡಿಕೊಳ್ಳಿ ಎಂದು ಸೂಚಿಸಿ ಮಾರುತ್ತಿದ್ದರು. ಮಾರುವವರು ಸಂತೆ ಬೀದಿಗಳಲ್ಲಿ ನಿಂತು ಹಾಡಿಯೇ ಮಾರುತ್ತಿದ್ದರು. ದಿನಚರಿಗೆ ಹೆಸರಾದ ಸ್ಯಾಮ್ಯುಯೆಲ್ ಪೀಪ್ಸ್ ಇಂಥ 1,800ಕ್ಕೂ ಹೆಚ್ಚು ಹಾಳೆಗಳನ್ನು ಕೂಡಿಟ್ಟಿದ್ದ. ಅವು ಈಗ ಕೇಂಬ್ರಿಡ್ಜಿನ ಮ್ಯಾಗ್ಡಲೀನ್ ಕಾಲೇಜಿನಲ್ಲಿವೆ. ಅಲನ್‌ನ ಲಾವಣಿಯ ಉಳಿದಿರುವ ಹಾಳೆಗಳು ಆ ಶತಮಾನದ ಉತ್ತರಾರ್ಧದವು. ಅಮೆರಿಕದ ಫ್ರಾನ್ಸಿಸ್ ಜೇಮ್ಸ್ ಚೈಲ್ಡ್ 1882ರಿಂದ 1898ರವರೆಗೆ ಪ್ರಕಟಿಸಿದ 305 ಲಾವಣಿಗಳ ಸಂಗ್ರಹದಲ್ಲಿ ಇದರ ಸಂಖ್ಯೆ 138. (ನಮ್ಮಲ್ಲಿ ಜೆ.ಎಫ್. ಫ್ಲೀಟ್ ಕನ್ನಡ ಲಾವಣಿಗಳನ್ನು ಪತ್ರಿಕೆಯಲ್ಲಿ ಪ್ರಕಟಿಸತೊಡಗಿದ್ದೂ ಅದೇ 1880ರ ದಶಕದಲ್ಲಿ. ಊರ ಹಾಡನ್ನು ಬರೆದಿಟ್ಟುಕೊಳ್ಳಬೇಕು ಎಂಬ ಆತುರ ಆಗ ಎರಡೂ ಕಡೆ ಒಟ್ಟಿಗೆ ನಡೆದಿತ್ತು.)

ಲಾವಣಿಯನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಯಾಕೆಂದರೆ ಉತ್ತರ ಇರುವುದು ಅದರೊಳಗೆ. ರಾಬಿನ್ ಹಸಿರು ಮರದ ಕೆಳಗೆ ನಿಂತಿದ್ದಾನೆ. ಒಬ್ಬ ಚೆಂದದ ಹುಡುಗ ಬಯಲು ದಾಟಿ ಬರುತ್ತಾನೆ. ಮೈಮೇಲೆ ಕಡುಗೆಂಪು ಬಟ್ಟೆ, ಹೆಜ್ಜೆಗೊಂದು ಕುಣಿತ, ಬಾಯಲ್ಲಿ ಹಾಡು. ಮರುದಿನ ಬೆಳಿಗ್ಗೆ ಅದೇ ಹುಡುಗ ತಲೆ ತಗ್ಗಿಸಿಕೊಂಡು ಬರುತ್ತಾನೆ. ನಿನ್ನೆ ತೊಟ್ಟಿದ್ದ ಕೆಂಪು ಬಟ್ಟೆ ಮೈಮೇಲಿಲ್ಲ. ಹೆಜ್ಜೆಹೆಜ್ಜೆಗೂ ನಿಟ್ಟುಸಿರು. ಲಿಟಲ್ ಜಾನ್ ಮತ್ತು ಗಿರಣಿಯವನ ಮಗ ಅವನನ್ನು ತಡೆಯುತ್ತಾರೆ. ಅವನು ಬಿಲ್ಲು ಬಗ್ಗಿಸಿ ‘ದೂರ ನಿಲ್ಲಿ’ ಎನ್ನುತ್ತಾನೆ. ಕೊನೆಗೆ ರಾಬಿನ್‌ನ ಮುಂದೆ ಬರುತ್ತಾನೆ. ‘ನಮಗೆ ಕೊಡಲು ನಿನ್ನ ಬಳಿ ಹಣ ಇದೆಯಾ?’ ಎಂದು ರಾಬಿನ್ ಮರ್ಯಾದೆಯಿಂದಲೇ ಕೇಳುತ್ತಾನೆ. ಇರುವುದು ಐದು ಶಿಲಿಂಗ್ ಮತ್ತು ಒಂದು ಉಂಗುರ. ಮದುವೆಗೆಂದು ಏಳು ವರ್ಷ ಜೋಪಾನ ಮಾಡಿದ ಉಂಗುರ. ನಿನ್ನೆ ಮದುವೆಯಾಗಬೇಕಿತ್ತು, ಅವಳನ್ನು ಒಬ್ಬ ಮುದಿ ನೈಟ್‌ಗೆ (ಪದವಿ ಪಡೆದ ಸರದಾರನಿಗೆ) ಕೊಡಲು ಕರೆದುಕೊಂಡು ಹೋದರು.

ಹೆಸರೇನು ಎಂದಾಗ ಹುಡುಗ ಹೇಳುವುದೇ ಅಲಿನ್ ಅ ಡೇಲ್. ಹುಡುಗಿಯನ್ನು ಬಿಡಿಸಿ ತಂದರೆ ಏನು ಕೊಡುತ್ತೀ ಎಂದರೆ, ದುಡ್ಡಿಲ್ಲ, ಪುಸ್ತಕ ಮುಟ್ಟಿ ಆಣೆ ಮಾಡುತ್ತೇನೆ, ನಿನ್ನ ಆಳಾಗಿರುತ್ತೇನೆ ಎನ್ನುತ್ತಾನೆ. ಎಷ್ಟು ದೂರ? ಐದೇ ಮೈಲಿ. ರಾಬಿನ್ ಓಡಿ ಚರ್ಚು ಮುಟ್ಟುತ್ತಾನೆ. ಬಾಗಿಲಲ್ಲಿ ಬಿಷಪ್ ‘ಇಲ್ಲೇನು ಕೆಲಸ?’ ಎಂದು ಕೇಳಿದರೆ, ‘ನಾನು ಹಾರ್ಪ್ ನುಡಿಸುವವನು, ಉತ್ತರ ಸೀಮೆಯಲ್ಲಿ ನನ್ನಂಥವನು ಇನ್ನೊಬ್ಬನಿಲ್ಲ’ ಎನ್ನುತ್ತಾನೆ. ಬಿಷಪ್‌ಗೆ ಹಾರ್ಪ್ ಎಂದರೆ ಪ್ರಾಣ, ಬಾ ಬಾ ಎನ್ನುತ್ತಾನೆ. ‘ಮೊದಲು ಗಂಡು ಹೆಣ್ಣನ್ನು ನೋಡಬೇಕು, ಆಮೇಲೆ ವಾದ್ಯ’ ಎನ್ನುತ್ತಾನೆ ರಾಬಿನ್. ಮುದಿ ನೈಟ್ ಬರುತ್ತಾನೆ, ಹಿಂದೆ ಚಿನ್ನದ ಹಾಗೆ ಹೊಳೆಯುವ ಹುಡುಗಿ. ‘ಈ ಜೋಡಿ ಹೊಂದುವುದಿಲ್ಲ’ ಎಂದು ರಾಬಿನ್ ಬಾಯಿಗೆ ಕೊಂಬು ಹಚ್ಚುತ್ತಾನೆ. ಇಪ್ಪತ್ನಾಲ್ಕು ಬಿಲ್ಲುಗಾರರು ಬಯಲು ಹಾರಿ ಬರುತ್ತಾರೆ. ಎಲ್ಲರಿಗಿಂತ ಮುಂದೆ ಬಂದು ರಾಬಿನ್‌ಗೆ ಬಿಲ್ಲು ಕೊಡುವವನು ಅಲನ್.

ಇಲ್ಲಿ ಗಮನಿಸಿ. ರಾಬಿನ್ ಇಡೀ ಲಾವಣಿಯಲ್ಲಿ ಒಂದು ತಂತಿಯನ್ನೂ ಮೀಟುವುದಿಲ್ಲ. ಅವನು ನುಡಿಸುವ ವಾದ್ಯ ಕೊಂಬು ಮಾತ್ರ. ಅಲನ್ ಹಾಡುವುದು ಒಂದೇ ಸಲ, ಮೊದಲ ದಿನ, ಪ್ರೀತಿಯ ಖುಷಿಯಲ್ಲಿ. ಹೊಟ್ಟೆಪಾಡಿನ ಹಾಡುಗಾರ ಅವನು ಅಲ್ಲವೇ ಅಲ್ಲ. ಹಾಳೆಯ ತಲೆಬರಹ ಅವನನ್ನು ಕರೆಯುವುದು ಯುವ ಮನೆತನಸ್ಥ ಎಂದು.

ಕೊನೆಯ ಭಾಗ ನನಗೆ ಬಹಳ ಇಷ್ಟ. ಈಗಿಂದೀಗಲೇ ಮದುವೆ ಮಾಡಲಾಗದು, ಚರ್ಚಿನಲ್ಲಿ ಮೂರು ಸಲ ಕೇಳಬೇಕು, ಅದು ಈ ನೆಲದ ಕಾನೂನು ಎನ್ನುತ್ತಾನೆ ಬಿಷಪ್. ಅವನು ಹೇಳಿದ್ದು ನಿಜ. ಇಂಥವರಿಬ್ಬರು ಮದುವೆಯಾಗುತ್ತಾರೆ, ತಕರಾರಿದ್ದರೆ ಹೇಳಿ ಎಂದು ಮುಂಚಿತವಾಗಿ ಚರ್ಚಿನಲ್ಲಿ ಸಾರಬೇಕೆಂಬ ನಿಯಮವನ್ನು 1215ರ ಲ್ಯಾಟರನ್ ಧರ್ಮಸಭೆ ಇಡೀ ಕ್ರೈಸ್ತ ಜಗತ್ತಿಗೆ ಮಾಡಿತ್ತು. ಇಂಗ್ಲೆಂಡಿನಲ್ಲಿ ಮೂರು ಸಲ ಸಾರುವುದು ರೂಢಿ. ರಾಬಿನ್ ಬಿಷಪ್‌ನ ನಿಲುವಂಗಿ ಕಳಚಿ ಲಿಟಲ್ ಜಾನ್‌ಗೆ ತೊಡಿಸುತ್ತಾನೆ. ಹೆಸರು ಲಿಟಲ್ ಆದರೂ ಭಾರಿ ಎತ್ತರದ ಆ ಮನುಷ್ಯ ಪಾದ್ರಿಯ ಜಾಗದಲ್ಲಿ ನಿಂತ ಕೂಡಲೇ ಜನ ನಗಲು ಶುರುಮಾಡುತ್ತಾರೆ. ಮೂರು ಸಲ ಸಾಲದೇ ಹೋದೀತು ಎಂದು ಅವನು ಏಳು ಸಲ ಸಾರುತ್ತಾನೆ. ಹೆಣ್ಣನ್ನು ಧಾರೆ ಎರೆದು ಕೊಡುವವರು ಯಾರು ಎಂದಾಗ ರಾಬಿನ್ ‘ನಾನು’ ಎನ್ನುತ್ತಾನೆ. ಮದುವೆ ಮುಗಿಸಿ ಎಲ್ಲರೂ ಕಾಡಿಗೆ ಹಿಂತಿರುಗುತ್ತಾರೆ. ಹುಡುಗಿಯ ಹೆಸರನ್ನು ಲಾವಣಿ ಕೊನೆಯವರೆಗೂ ಹೇಳುವುದಿಲ್ಲ. ಎಲೆನ್ ಎಂದು ಮಕ್ಕಳ ಪುಸ್ತಕಗಳಲ್ಲಿ ಇರುವುದು ನಂತರದ ಲೇಖಕರು ಇಟ್ಟದ್ದು.

ಸ್ಕಾರ್ಲಾಕ್‌ನ ಕಥೆ ಅಲನ್‌ಗೆ ಹೇಗೆ ಬಂತು? ಲಾವಣಿಯ ಹುಡುಗ ಮೊದಲ ದಿನ ತೊಟ್ಟಿದ್ದ ಕಡುಗೆಂಪು ಬಟ್ಟೆಯನ್ನು ಇಂಗ್ಲಿಷಿನಲ್ಲಿ ಸ್ಕಾರ್ಲೆಟ್ ಎಂದೇ ಕರೆದಿದೆ, ಮತ್ತು ಅದು ಕಥೆಗೆ ಬೇಕಾದದ್ದಕ್ಕಿಂತ ಒತ್ತಾಗಿ ಮೂರು ಸಲ ಬರುತ್ತದೆ. ಹಳೆಯ ನಾಯಕನ ಹೆಸರು ಹೋಗಿ, ಅವನ ಬಣ್ಣ ಮಾತ್ರ ಹೊಸ ನಾಯಕನ ಮೈಮೇಲೆ ಉಳಿದಿದೆ ಎಂದು ನನಗೆ ಅನಿಸುತ್ತದೆ. ಬೀದಿ ಲಾವಣಿ ಕಟ್ಟುವವರಿಗೆ ಹಾಳೆಗೊಬ್ಬ ಹೊಸ ಗೆಳೆಯ ಬೇಕಿತ್ತು, ‘ರಾಬಿನ್ ಹುಡ್ ಮತ್ತು ಇಂಥವನು’ ಎಂದು ಹೆಸರಿಟ್ಟರೆ ಹಾಳೆ ಮಾರಾಟವಾಗುತ್ತಿತ್ತು. ವಿಲ್ ಆಗಲೇ ಹಳಬ.

ಹಾರ್ಪ್ ಎಲ್ಲಿಂದ ಬಂತು ಎನ್ನುವುದಕ್ಕೆ ಹಿಂದಕ್ಕೆ ಹೋಗಬೇಕು. ಹಾಡುಗಾರನ ವೇಷ ತೊಟ್ಟು ಬಲವಂತದ ಮದುವೆಗೆ ನುಗ್ಗುವುದು ಇಂಗ್ಲೆಂಡಿನಲ್ಲಿ ರಾಬಿನ್‌ಗಿಂತ ಹಳೆಯ ಕಥೆ. ನಾರ್ಮನ್ನರ ವಿರುದ್ಧ ಈಲಿ ಜೌಗಿನಲ್ಲಿ ಹೋರಾಡಿದ ಹೆರೆವರ್ಡ್‌ನ ಕುರಿತು 12ನೇ ಶತಮಾನದಲ್ಲಿ ಲ್ಯಾಟಿನ್‌ನಲ್ಲಿ ಬರೆದ ಚರಿತ್ರೆಯಿದೆ. ಅದರಲ್ಲಿ ಅವನು ಕಾರ್ನ್‌ವಾಲ್‌ನ ರಾಜಕುಮಾರಿಯ ಮದುವೆ ಊಟಕ್ಕೆ ವೇಷ ಮರೆಸಿಕೊಂಡು ಹೋಗಿ, ಹಾರ್ಪ್ ನುಡಿಸಿ ಎಲ್ಲರನ್ನೂ ಬೆರಗುಗೊಳಿಸಿ, ಆಮೇಲೆ ಅವಳನ್ನು ಬಿಡಿಸಿ ಅವಳು ಮೆಚ್ಚಿದ ಐರ್ಲೆಂಡಿನ ರಾಜಕುಮಾರನಿಗೆ ಒಪ್ಪಿಸುತ್ತಾನೆ. 13ನೇ ಶತಮಾನದ ರಾಜ ಹಾರ್ನ್‌ನ ಕಥನಕಾವ್ಯದಲ್ಲಿ ಹಾರ್ನ್ ಮತ್ತು ಅವನ ಕಡೆಯವರು ವಾದ್ಯಗಾರರಾಗಿ ಶತ್ರುವಿನ ಕೋಟೆ ಹೊಕ್ಕು ಹಾರ್ನ್‌ನ ಪ್ರೇಯಸಿಯನ್ನು ಬಲವಂತದ ಮದುವೆಯಿಂದ ಬಿಡಿಸುತ್ತಾರೆ. ಇಬ್ಬರಲ್ಲೂ ಹಾರ್ಪ್ ಇರುವುದು ನಾಯಕನ ಕೈಯಲ್ಲಿ. ಲಾವಣಿಕಾರ ಭಿಕ್ಷುಕನ ವೇಷ ಬಿಟ್ಟು ಹಾರ್ಪ್‌ನವನ ವೇಷ ಆರಿಸಿದ್ದು ಈ ದಾರಿಯಲ್ಲೇ.

ಈ ವೇಷಕ್ಕೆ ಅಷ್ಟು ಬೆಲೆ ಬರಲು ಕಾರಣವೂ ಇತ್ತು. ಹಾಡುಗಾರನಿಗೆ ಬಾಗಿಲು ತೆರೆಯುವುದು ದೊಡ್ಡ ಮನೆಗಳ ಪದ್ಧತಿ. 1306ರಲ್ಲಿ ಒಂದನೇ ಎಡ್ವರ್ಡ್ ತನ್ನ ಮಗನಿಗೆ ನೈಟ್ ಪದವಿ ಕೊಟ್ಟಾಗ ನಡೆದ ಔತಣಕ್ಕೆ ಬಂದ ನೂರಕ್ಕೂ ಹೆಚ್ಚು ಹಾಡುಗಾರರಿಗೆ ಹಣ ಕೊಟ್ಟ ಲೆಕ್ಕ ಉಳಿದಿದೆ. ಮುಂದೆ ಇದು ಎಷ್ಟು ಅತಿಯಾಯಿತೆಂದರೆ 1315ರಲ್ಲಿ ಎರಡನೇ ಎಡ್ವರ್ಡ್ ಆಜ್ಞೆ ಹೊರಡಿಸಬೇಕಾಯಿತು: ಹಾಡುಗಾರರ ಹೆಸರು ಹೇಳಿಕೊಂಡು ಸೋಮಾರಿಗಳು ಊಟಕ್ಕೆ ಬರುತ್ತಿದ್ದಾರೆ, ಇನ್ನು ಮೇಲೆ ದಿನಕ್ಕೆ ಮೂರು ನಾಲ್ಕು ಜನಕ್ಕಿಂತ ಹೆಚ್ಚು ಬರಕೂಡದು. ಅದೇ ದೊರೆಯ ಕಾಲದಲ್ಲೇ ಇನ್ನೊಂದು ಘಟನೆ ನಡೆಯಿತು. ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಹಬ್ಬದ ಊಟ ನಡೆದಿದ್ದಾಗ ಹಾಡುಗಾರರಂತೆ ಉಡುಪು ತೊಟ್ಟ ಹೆಂಗಸೊಬ್ಬಳು ಕುದುರೆ ಏರಿ ಸಭೆಯೊಳಗೇ ಬಂದಳು. ಮೇಜುಗಳ ಸುತ್ತ ಒಂದು ಸುತ್ತು ಹಾಕಿ, ದೊರೆಯ ಮುಂದೆ ಪತ್ರವೊಂದನ್ನಿಟ್ಟು, ನಮಸ್ಕರಿಸಿ ಹೊರಟುಹೋದಳು. ಪತ್ರದಲ್ಲಿದ್ದದ್ದು, ತಂದೆಯ ಕಾಲದಿಂದ ದುಡಿದ ನೈಟ್‌ಗಳನ್ನು ನೀನು ಮರೆತಿದ್ದೀಯ ಎಂಬ ದೂರು. ಒಳಗೆ ಬಿಟ್ಟದ್ದೇಕೆ ಎಂದು ಗದರಿದ್ದಕ್ಕೆ ಬಾಗಿಲು ಕಾಯುವವರು ಹೇಳಿದ್ದು ಇಷ್ಟು: ಹಬ್ಬದ ದಿನ ಹಾಡುಗಾರರನ್ನು ತಡೆಯುವುದು ಅರಮನೆಯ ಪದ್ಧತಿಯಲ್ಲ.

ರಾಬಿನ್‌ನ ಹಾರ್ಪ್ ಅಲನ್‌ನ ಕೈಗೆ ಬಂದದ್ದು 18, 19ನೇ ಶತಮಾನದ ವಿದ್ವಾಂಸರ ಉತ್ಸಾಹದಿಂದ. 1765ರಲ್ಲಿ ಥಾಮಸ್ ಪರ್ಸಿ ಹಳೆಯ ಪದ್ಯಗಳ ಸಂಗ್ರಹ ತಂದು, ಈ ಲಾವಣಿಗಳನ್ನೆಲ್ಲ ಕಟ್ಟಿದವರು ಅರಮನೆಗಳ ಹಾಡುಗಾರರು ಎಂದು ವಾದಿಸಿದ. ಜೋಸೆಫ್ ರಿಟ್ಸನ್ ಅದನ್ನು ಖಾರವಾಗಿ ಖಂಡಿಸಿದ; 1795ರಲ್ಲಿ ರಾಬಿನ್ ಹುಡ್ ಪದ್ಯಗಳನ್ನೆಲ್ಲ ಒಟ್ಟುಗೂಡಿಸಿ ಅಚ್ಚು ಹಾಕಿದವನು ಅವನೇ. ಈ ಜಗಳದಿಂದ ಹಾಡುಗಾರ ಎಂಬ ವ್ಯಕ್ತಿ ಓದುಗರ ಮನಸ್ಸಿನಲ್ಲಿ ದೊಡ್ಡವನಾದ. ಹಾಡುಗಳಿರುವ ತಂಡದಲ್ಲಿ ಹಾಡು ಕಟ್ಟುವವನೊಬ್ಬ ಇರಲೇಬೇಕು ಎನಿಸತೊಡಗಿತು. ವಾಲ್ಟರ್ ಸ್ಕಾಟ್‌ಗಂತೂ ಹಾಡುಗಾರ ಎಂದರೆ ಮೊದಲಿಂದ ಒಲವು. ಅವನು 1813ರ ಕಾವ್ಯದಲ್ಲಿ ಅಲೆನ್ ಅ ಡೇಲ್‌ನ ಮೇಲೆ ಒಂದು ಹಾಡು ಬರೆದ. ಅದರಲ್ಲಿ ಅಲೆನ್ ಯಾರ್ಕ್‌ಷೈರಿನ ಆರ್ಕಿನ್‌ಡೇಲ್ ಕಡೆಯ ಕಾಡಿನ ಗಂಡು. ಉಳಲು ಹೊಲವಿಲ್ಲ, ಆಕಾಶವೇ ಮನೆ, ಇನ್ನೂ ಹಾಡುಗಾರನಾಗಿಲ್ಲ. ಆರು ವರ್ಷದ ನಂತರ, 1819ರ ಕೊನೆಯಲ್ಲಿ ಬಂದ ‘ಐವನ್‌ಹೋ’ ಕಾದಂಬರಿಯಲ್ಲಿ ಅದೇ ಅಲನ್ ರಾಬಿನ್‌ನ ತಂಡದ ಹಾಡುಗಾರನಾಗಿ ಬಂದ.

ಮುಂದಿನದು ಸಲೀಸು. 1883ರಲ್ಲಿ ಹೊವಾರ್ಡ್ ಪೈಲ್ ಮಕ್ಕಳಿಗಾಗಿ ತಾನೇ ಚಿತ್ರ ಬರೆದು ರಾಬಿನ್ ಹುಡ್ ಕಥೆಗಳನ್ನು ಹೊಸದಾಗಿ ಹೇಳಿದ. ಅಲ್ಲಿ ಅಲನ್ ಹಾರ್ಪ್ ಹಿಡಿದು ಹಾಡುತ್ತಾನೆ, ಎಲೆನ್‌ಳನ್ನು ಪ್ರೀತಿಸುತ್ತಾನೆ. ಇಂಗ್ಲಿಷ್ ಓದುವ ಮಕ್ಕಳಿಗೆ ಜಗತ್ತಿನಾದ್ಯಂತ ತಲುಪಿದ್ದು ಇದೇ ಅಲನ್. 1952ರ ಡಿಸ್ನಿ ಚಿತ್ರದಲ್ಲಿ ಎಲ್ಟನ್ ಹೇಯ್ಸ್ ಎಂಬ ಗಾಯಕ ಈ ಪಾತ್ರ ಮಾಡಿದರು. 1973ರ ಡಿಸ್ನಿ ಕಾರ್ಟೂನಿನಲ್ಲಿ ಅಲನ್ ಒಂದು ಹುಂಜ, ಕಥೆಯನ್ನೆಲ್ಲ ಹಾಡಿ ಹೇಳುವವನು. ದನಿ ಕೊಟ್ಟವರು ರೋಜರ್ ಮಿಲ್ಲರ್. ಬಿಬಿಸಿ 2006ರಲ್ಲಿ ಆರಂಭಿಸಿದ ಧಾರಾವಾಹಿ ಮಾತ್ರ ಹಾಡನ್ನೇ ಕಿತ್ತುಹಾಕಿ ಅವನನ್ನು ಬಾಯಿಬಡುಕ ಕಳ್ಳನನ್ನಾಗಿ ಮಾಡಿತು. 2010ರ ರಿಡ್ಲಿ ಸ್ಕಾಟ್ ಚಿತ್ರದಲ್ಲಿ ಮತ್ತೆ ಹಾಡುಗಾರ. ಪಾತ್ರ ಮಾಡಿದ ಕೆನಡಾದ ಗಾಯಕನ ಹೆಸರು ಅಲನ್ ಡಾಯ್ಲ್.

ನಿಮ್ಮ ಮಗಳು ನೋಡಿದ್ದು 1938ರ ಎರಾಲ್ ಫ್ಲಿನ್ ಚಿತ್ರ ಇರಬೇಕು. ಅದರಲ್ಲಿ ಅಲನ್ ಇಲ್ಲ, ಲೂಟ್ ಎಂಬ ತಂತಿವಾದ್ಯ ನುಡಿಸುವವನು ವಿಲ್ ಸ್ಕಾರ್ಲೆಟ್. ಅವಳು ಕಂಡದ್ದನ್ನೇ ಬರೆದಿದ್ದಾಳೆ.

ನಿಜವಾಗಿ ಇದ್ದನೆ ಎಂಬುದಕ್ಕೆ ನನ್ನ ಉತ್ತರ: ಇರಲಿಲ್ಲ. ರಾಬಿನ್ ಹುಡ್‌ನ ವಿಷಯದಲ್ಲಾದರೆ ಇತಿಹಾಸಕಾರರು 1226ರ ಯಾರ್ಕ್ ದಾಖಲೆಯ ‘ರಾಬರ್ಟ್ ಹಾಡ್, ತಲೆಮರೆಸಿಕೊಂಡವನು’ ಎಂಬ ಸಾಲನ್ನಾದರೂ ಮುಂದಿಟ್ಟು ಚರ್ಚಿಸುತ್ತಾರೆ. ಅಲನ್ ಹುಟ್ಟಿದ್ದು ಅಚ್ಚಿನ ಹಾಳೆಯ ಮೇಲೆ, ಕಥೆ ನಡೆಯಿತೆನ್ನುವ ಕಾಲಕ್ಕೆ ನಾಲ್ಕೈದು ಶತಮಾನದ ನಂತರ. ನಾಟಿಂಗ್‌ಹ್ಯಾಮ್‌ನ ಉತ್ತರಕ್ಕಿರುವ 'ಪ್ಯಾಪಲ್‌ವಿಕ್' ಎಂಬ ಹಳ್ಳಿಯವರು ಅಲನ್‌ನ ಮದುವೆ ನಮ್ಮ ಚರ್ಚಿನಲ್ಲೇ ಆಯಿತು ಎನ್ನುತ್ತಾರೆ. ಊರಿನ ಅಭಿಮಾನ ಅದು, ಗೌರವಿಸೋಣ. ಲಾವಣಿಯಲ್ಲಿ ಮಾತ್ರ ಯಾವ ಊರ ಹೆಸರೂ ಇಲ್ಲ.

ಮಧ್ಯಯುಗದಲ್ಲೇ ಬರೆದಿಟ್ಟ, ಕಾಡುಪಾಲಾದವರ ತಂಡದ ಹಾಡುಗಾರ ಬೇಕೆಂದರೆ ಒಬ್ಬ ಇದ್ದಾನೆ, ಅವನನ್ನು ನಿಮ್ಮ ಮಗಳಿಗೆ ಪರಿಚಯಿಸಬೇಕೆಂದು ನನಗೆ ಆಸೆ. ಅವನ ಹೆಸರು ಜಾನ್ ದ ರಾಂಪೇನ್. ಅವನಿದ್ದದ್ದು ಷ್ರಾಪ್‌ಷೈರಿನ ಫುಲ್ಕ್ ಫಿಟ್ಸ್‌ವಾರಿನ್‌ನ ತಂಡದಲ್ಲಿ. ಈ ಫುಲ್ಕ್ ಚರಿತ್ರೆಯಲ್ಲಿ ನಿಜವಾಗಿ ಇದ್ದವನೇ. ವಿಟಿಂಗ್‌ಟನ್ ಆಸ್ತಿಯ ವಿಷಯದಲ್ಲಿ ಇಂಗ್ಲೆಂಡಿನ ದೊರೆ ಜಾನ್‌ನ ಮೇಲೆ ತಿರುಗಿಬಿದ್ದು, 1203ರಲ್ಲಿ ಕ್ಷಮೆ ಪಡೆಯುವವರೆಗೆ ಕಾನೂನಿನ ಹೊರಗೆ ಅಲೆದ ಸರದಾರ. ಅವನ ಕಥೆ ಆಗಿನ ಇಂಗ್ಲೆಂಡಿನ ಸರದಾರರ ಫ್ರೆಂಚಿನಲ್ಲಿದೆ. ಉಳಿದಿರುವ ಒಂದೇ ಹಸ್ತಪ್ರತಿ 14ನೇ ಶತಮಾನದ ಮೊದಲರ್ಧದ್ದು, ಬ್ರಿಟಿಷ್ ಲೈಬ್ರರಿಯಲ್ಲಿದೆ. ಅದರಲ್ಲಿ ಫುಲ್ಕ್‌ನ ಕಡೆಯವನಾದ ಈ ಜಾನ್‌ಗೆ ಹಾರ್ಪ್, ತಮಟೆಯಂಥ ಟೇಬರ್, ಪಿಟೀಲಿನಂಥ ವಿಯೆಲ್, ಕಣ್ಕಟ್ಟು, ಎಲ್ಲವೂ ಬರುತ್ತದೆ.

ಗೆಳೆಯ ಆಡಲ್ಫ್ ದ ಬ್ರೇಸಿ ದೊರೆಗೆ ಸೆರೆಸಿಕ್ಕಾಗ ಬಿಡಿಸಿ ತರಲು ಹೊರಡುವವನು ಜಾನ್. ಮೈಗೆ ಕಪ್ಪು ಬಳಿದುಕೊಂಡು, ಶ್ರೀಮಂತ ಉಡುಪು ತೊಟ್ಟು, ಕೊರಳಿಗೆ ಟೇಬರ್ ನೇತುಹಾಕಿಕೊಂಡು, ಕುದುರೆಯೇರಿ ಷ್ರೂಸ್‌ಬರಿ ಕೋಟೆಗೆ ಹೋಗಿ ತಾನು ಇಥಿಯೋಪಿಯಾದ ಹಾಡುಗಾರ ಎನ್ನುತ್ತಾನೆ. (ಇವತ್ತಿನ ಓದುಗರಿಗೆ ಈ ವೇಷ ಇರುಸುಮುರುಸು ಮಾಡುತ್ತದೆ, ಮಾಡಬೇಕು ಕೂಡ, ಮಗಳಿಗೆ ಹೇಳುವಾಗ ಅದನ್ನೂ ಮಾತಾಡಿ.) ಹಗಲೆಲ್ಲ ದೊರೆಯ ಮುಂದೆ ನುಡಿಸುತ್ತಾನೆ. ರಾತ್ರಿ ಒಬ್ಬ ಸರದಾರ ತನ್ನ ಕೋಣೆಗೆ ಕರೆಸಿಕೊಳ್ಳುತ್ತಾನೆ. ನಾಳೆ ಸಾಯುವವನು ಇವತ್ತೊಂದು ರಾತ್ರಿ ಸುಖವಾಗಿರಲಿ ಎಂದು ಸೆರೆಯಾಳನ್ನೂ ಅಲ್ಲಿಗೇ ತರಿಸುತ್ತಾನೆ. ತಾನು ಯಾರೆಂದು ಗೆಳೆಯನಿಗೆ ತಿಳಿಸುವುದು ಹೇಗೆ? ಆಡಲ್ಫ್ ಯಾವಾಗಲೂ ಹಾಡಿಕೊಳ್ಳುತ್ತಿದ್ದ ಒಂದು ಹಾಡನ್ನು ಜಾನ್ ಎತ್ತುತ್ತಾನೆ. ಸೆರೆಯಾಳು ತಲೆಯೆತ್ತಿ ನೋಡುತ್ತಾನೆ, ಗುರುತು ಹಿಡಿಯುತ್ತಾನೆ. ಆಮೇಲೆ ಜಾನ್ ಎಲ್ಲರ ಕುಡಿತಕ್ಕೆ ನಿದ್ದೆಯ ಪುಡಿ ಬೆರೆಸುತ್ತಾನೆ, ಇಬ್ಬರೂ ಹೊದಿಕೆಗಳನ್ನು ಕಟ್ಟಿ ಸೆವೆರ್ನ್ ನದಿಯ ಕಡೆಯ ಕಿಟಕಿಯಿಂದ ಇಳಿದು ವಿಟಿಂಗ್‌ಟನ್‌ನ ದಾರಿ ಹಿಡಿಯುತ್ತಾರೆ. ಈ ಕಥೆಯ ಇಂಗ್ಲಿಷ್ ಅನುವಾದಗಳು ಸಿಗುತ್ತವೆ. ಲಾವಣಿ 138 ಚಿಕ್ಕದು, ನೀವೂ ಮಗಳೂ ಕೂತು ಒಂದು ಸಂಜೆಯಲ್ಲಿ ಓದಬಹುದು. ಮೊದಲು ಅದನ್ನು ಓದಿ, ಆಮೇಲೆ ಜಾನ್‌ನ ಕಥೆ ತೆಗೆದುಕೊಳ್ಳಿ.